ಕಾರಣ ಹೇಳ್ಬೇಕಾಗಿಲ್ಲ: ಜ್ಯೂರಿ ಪಟ್ಟಿಯಿಂದ ಹೊರಬಿದ್ದ ಹೆಸರುಗಳ ಕಥೆ

(1/10)
ಒಂದು ಪಟ್ಟಿ. ನಮ್ಮ ಕ್ಲಾಸಿನ ಅಟೆಂಡೆನ್ಸ್ ಶೀಟ್ ಇದ್ದ ಹಾಗೆ ಸಾಲಾಗಿ ಹೆಸರುಗಳು. ಅದರಲ್ಲಿ ಕೆಲವು ಹೆಸರುಗಳ ಮೇಲೆ ಮಾತ್ರ ಹಸಿರು ಹೈಲೈಟರ್ ಎಳೆದಿದೆ. ಹಸಿರು ಅಂದ್ರೆ ಏನು ಅಂತ ಪುಟದ ಬಲಗಡೆ ಮೇಲಿನ ಮೂಲೆಯಲ್ಲಿ ಬರೆದೂ ಇಟ್ಟಿದ್ದಾರೆ: ಇವರು ಕಪ್ಪು ಜನ.

(ಫೋಟೋದಲ್ಲಿರೋದು ನನ್ನ ಹೈಲೈಟರ್. ಅಸಲಿ ಪಟ್ಟಿ ಅಲ್ಲ.)

ಇದು 1987ರ ಕಾಗದ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ರೋಮ್ ಅಂತ ಒಂದು ಊರಿದೆ. ಅಲ್ಲಿ ಒಂದು ಕೊಲೆ ಕೇಸಿಗೆ ಜ್ಯೂರಿ ಆರಿಸುವಾಗ ಸರ್ಕಾರಿ ವಕೀಲರ ಕಡೆಯವರು ಇಟ್ಟುಕೊಂಡಿದ್ದ ಪಟ್ಟಿ. ಆರೋಪಿ ತಿಮೋತಿ ಫಾಸ್ಟರ್, ಕಪ್ಪು ಹುಡುಗ, ನಮಗಿಂತ ಚಿಕ್ಕವನು. ಜ್ಯೂರಿಯಲ್ಲಿ ಕೊನೆಗೆ ಕೂತವರು ಎಲ್ಲರೂ ಬಿಳಿಯರು. ಶಿಕ್ಷೆ: ಮರಣದಂಡನೆ.

"ಕಪ್ಪು ಜನರನ್ನ ಜನಾಂಗ ನೋಡಿ ತೆಗೆದ್ರಾ?" ಅಂತ ಕೋರ್ಟ್‌ನಲ್ಲಿ ಪ್ರಶ್ನೆ ಬಂತು. "ಇಲ್ಲ, ಬೇರೆ ಕಾರಣ ಇದೆ" ಅಂದ್ರು ಸರ್ಕಾರಿ ವಕೀಲರು. ಕೋರ್ಟ್ ನಂಬಿತು. ಆ ಹಸಿರು ಪಟ್ಟಿ ಫೈಲಿನಲ್ಲೇ ಉಳೀತು. ನಮ್ಮ ಆರ್‌ಟಿಐ ತರದ ಒಂದು ಕಾನೂನು ಜಾರ್ಜಿಯಾದಲ್ಲೂ ಇದೆ, ಅದರ ಅಡಿಯಲ್ಲಿ ಅರ್ಜಿ ಹಾಕಿ 2006ರಲ್ಲಿ ಅದನ್ನ ಹೊರಗೆ ತಂದರು. ಅಷ್ಟರಲ್ಲಿ 19 ವರ್ಷ ಕಳೆದಿತ್ತು.

ಈ ಸರಣಿ ಆ ಪಟ್ಟಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅಂಥ ಪಟ್ಟಿಗೆ ಜಾಗ ಮಾಡಿಕೊಟ್ಟ ಒಂದು ಹಳೇ ಹಕ್ಕಿನ ಬಗ್ಗೆ. ಹೆಸರು: ಪೆರೆಂಪ್ಟರಿ ಚಾಲೆಂಜ್. ಹೆಸರು ಭಾರ, ವಿಷಯ ಸರಳ: "ಈ ವ್ಯಕ್ತಿ ಜ್ಯೂರಿಯಲ್ಲಿ ಬೇಡ. ಯಾಕೆ ಅಂತ ಕೇಳ್ಬೇಡಿ."

ಹತ್ತು ಭಾಗ ಇದೆ. ಒಂದೊಂದೇ ಓದಿ.

(2/10)
ಮೊದಲು ಜ್ಯೂರಿ ಹೇಗೆ ಕೂರುತ್ತೆ ಅಂತ ನೋಡೋಣ. ನಮ್ಮಲ್ಲಿ ಈಗ ಜ್ಯೂರಿ ಇಲ್ಲ, ಹಾಗಾಗಿ ಸಿನಿಮಾದಲ್ಲಿ ನೋಡಿದ್ದೇ ನಮಗೆ ಗೊತ್ತಿರೋದು.

ಅಮೆರಿಕದಲ್ಲಿ ಗಂಭೀರ ಕ್ರಿಮಿನಲ್ ಕೇಸಲ್ಲಿ ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನೋದನ್ನ ಸಾಮಾನ್ಯವಾಗಿ ಜಡ್ಜ್ ಹೇಳಲ್ಲ, ಊರಿನ ಸಾಮಾನ್ಯ ಜನ ಹೇಳ್ತಾರೆ. ಬಸ್ ಡ್ರೈವರ್, ನರ್ಸ್, ಅಂಗಡಿಯವರು, ಟೀಚರ್. ಮೊದಲು ಒಂದಷ್ಟು ಜನಕ್ಕೆ ಕೋರ್ಟಿಂದ ಕರೆ ಹೋಗುತ್ತೆ. ಅವರನ್ನ ಕೂರಿಸಿ ಪ್ರಶ್ನೆ ಕೇಳ್ತಾರೆ. ಆಮೇಲೆ ಎರಡು ಥರದಲ್ಲಿ ಹೆಸರು ಹೊಡೆದು ಹಾಕಬಹುದು.

ಒಂದು, ಕಾರಣ ಕೊಟ್ಟು. "ಇವರು ಆರೋಪಿಯ ಅತ್ತೆ", "ಇವರು ಪೊಲೀಸರ ಮಾತನ್ನ ಯಾವತ್ತೂ ನಂಬಲ್ಲ ಅಂತ ಬಾಯಿಬಿಟ್ಟೇ ಹೇಳಿದ್ದಾರೆ". ಜಡ್ಜ್ ಒಪ್ಪಿದ್ರೆ ಆ ವ್ಯಕ್ತಿ ಮನೆಗೆ. ಇದಕ್ಕೆ ಮಿತಿ ಇಲ್ಲ, ಎಷ್ಟು ಬೇಕಾದ್ರೂ ಮಾಡಬಹುದು.

ಎರಡು, ಕಾರಣ ಕೊಡದೆ. ಇದೇ ಪೆರೆಂಪ್ಟರಿ. ಎರಡೂ ಕಡೆಗೆ ಇಷ್ಟಿಷ್ಟು ಅಂತ ಲೆಕ್ಕ ಕೊಟ್ಟಿರ್ತಾರೆ. ಜಡ್ಜ್ ಒಪ್ಪಿಗೆ ಬೇಕಿಲ್ಲ.

ಇದು ಹುಟ್ಟಿದ್ದು ಕೆಟ್ಟ ಉದ್ದೇಶಕ್ಕಲ್ಲ, ಇದನ್ನ ನಾವು ಮರೀಬಾರದು. ಹಳೇ ಇಂಗ್ಲೆಂಡ್‌ನಲ್ಲಿ ದೊಡ್ಡ ಅಪರಾಧಗಳಿಗೆ ಗಲ್ಲು. ಜೀವ ಪಣಕ್ಕಿಟ್ಟು ನಿಂತವನಿಗೆ ಎದುರಿಗೆ ಕೂತ ಒಬ್ಬನ ಮುಖ ನೋಡಿ "ಇವನು ನನಗೆ ನ್ಯಾಯ ಕೊಡಲ್ಲ" ಅನ್ನಿಸಬಹುದು. ಸಾಬೀತು ಮಾಡೋಕೆ ಆಗಲ್ಲ, ಆದ್ರೆ ಭಯ ನಿಜ. ಅಂಥವನಿಗೆ 35 ಜನರನ್ನ ಕಾರಣ ಹೇಳದೆ ಬೇಡ ಅನ್ನೋ ಹಕ್ಕನ್ನ ಅಲ್ಲಿನ ಕಾನೂನು ಕೊಟ್ಟಿತ್ತು. ರಾಜನ ಕಡೆಯವರು ಕಾರಣ ಇಲ್ಲದೆ ತೆಗೀಬಾರದು ಅಂತ 1305ರಷ್ಟು ಹಿಂದೆಯೇ ಕಾನೂನು ಬಂತು. ಅಂದ್ರೆ ಇದು ದುರ್ಬಲನ ಕೈಗೆ ಕೊಟ್ಟ ಗುರಾಣಿ.

ಅಮೆರಿಕದಲ್ಲಿ ಅದೇ ಹಕ್ಕು ಸರ್ಕಾರಿ ವಕೀಲರ ಕೈಗೂ ಬಂತು. ಕಥೆ ತಿರುಗೋದು ಅಲ್ಲೇ.

(3/10)
1865ಕ್ಕೆ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗೀತು. 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಬಂತು, ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂತ. 1875ರಲ್ಲಿ ಜನಾಂಗ ನೋಡಿ ಯಾರನ್ನಾದ್ರೂ ಜ್ಯೂರಿಯಿಂದ ಹೊರಗಿಡೋದು ಅಪರಾಧ ಅಂತ ಕಾನೂನೇ ಮಾಡಿದ್ರು.

ಆದ್ರೂ ವೆಸ್ಟ್ ವರ್ಜೀನಿಯಾ ರಾಜ್ಯದ ಕಾನೂನಲ್ಲಿ ಜ್ಯೂರಿಗೆ ಬಿಳಿ ಗಂಡಸರು ಮಾತ್ರ ಅಂತ ಬರೆದಿತ್ತು. 1880ರಲ್ಲಿ ಸ್ಟ್ರಾಡರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕಿತು. (ಹೆಂಗಸರನ್ನ ಬಿಟ್ಟಿದ್ದು ಯಾರಿಗೂ ತೊಂದ್ರೆ ಅನ್ನಿಸಲಿಲ್ಲ, ಅದು ಇನ್ನೊಂದು ಸರಣಿಯ ವಿಷಯ.)

ಹಾಗಾದ್ರೆ ಎಲ್ಲ ಸರಿಹೋಯ್ತಾ? ಇಲ್ಲ. ಮುಂಬಾಗಿಲು ಮುಚ್ಚಿದ ಮೇಲೆ ಹಿತ್ತಲ ಬಾಗಿಲು ಹುಡುಕಿಕೊಂಡರು. ಪಟ್ಟಿಗೆ ಹೆಸರೇ ಹಾಕದೆ ಇರೋದು ಒಂದು ದಾರಿ. ಆ ದಾರಿಯನ್ನ ಕೋರ್ಟುಗಳು ಮುಚ್ಚುತ್ತಾ ಬಂದಾಗ ಇನ್ನೊಂದು: ಪಟ್ಟಿಗೆ ಹೆಸರು ಹಾಕಿ, ಕೋರ್ಟಿಗೆ ಕರೆಸಿ, ಆಮೇಲೆ ಕಾರಣ ಹೇಳದೆ ಹೊಡೆದು ಹಾಕೋದು.

1965ರ ಸ್ವೈನ್ ಕೇಸ್ ನೋಡಿ. ಅಲಬಾಮಾ ರಾಜ್ಯದ ಟ್ಯಾಲಡೀಗಾ ಕೌಂಟಿ (ನಮ್ಮ ಜಿಲ್ಲೆ ಥರ). ಅಲ್ಲಿ ಜ್ಯೂರಿಗೆ ಅರ್ಹರಾದ ಗಂಡಸರಲ್ಲಿ 26% ಕಪ್ಪು ಜನ. ಸುಮಾರು 1950ರಿಂದ ಒಬ್ಬನೇ ಒಬ್ಬ ಕಪ್ಪು ವ್ಯಕ್ತಿಯೂ ವಿಚಾರಣೆಯ ಜ್ಯೂರಿಯಲ್ಲಿ ಕೂತಿರಲಿಲ್ಲ. ಆರೋಪಿ ರಾಬರ್ಟ್ ಸ್ವೈನ್‌ಗೆ 19 ವರ್ಷ, ಕಪ್ಪು ಹುಡುಗ. ಅವನ ಕೇಸಿಗೆ ಕರೆದವರಲ್ಲಿ ಎಂಟು ಜನ ಕಪ್ಪು ವರ್ಣದವರು. ಇಬ್ಬರಿಗೆ ವಿನಾಯಿತಿ ಸಿಕ್ತು. ಉಳಿದ ಆರೂ ಜನರನ್ನ ಸರ್ಕಾರಿ ವಕೀಲರು ಪೆರೆಂಪ್ಟರಿ ಬಳಸಿ ತೆಗೆದರು.

ಸುಪ್ರೀಂ ಕೋರ್ಟ್ ಹೇಳಿದ್ದು: ಒಂದು ಕೇಸಿನಲ್ಲಿ ಹೀಗಾದ್ರೆ ಸಾಲದು. ಕೇಸಿನ ಮೇಲೆ ಕೇಸಿನಲ್ಲಿ ಹೀಗೇ ಮಾಡ್ತಾ ಬಂದಿದ್ದಾರೆ ಅಂತ ಆರೋಪಿನೇ ತೋರಿಸಬೇಕು.

ಜೈಲಿನಲ್ಲಿರೋ ಒಬ್ಬ ಹುಡುಗ ಇಡೀ ಕೌಂಟಿಯ ವರ್ಷಗಟ್ಟಲೆ ಕೇಸುಗಳ ಜ್ಯೂರಿ ಲೆಕ್ಕ ಎಲ್ಲಿಂದ ತರ್ತಾನೆ? ಎಷ್ಟೋ ಕಡೆ ಆ ಲೆಕ್ಕವನ್ನ ಯಾರೂ ಬರೆದೇ ಇಡ್ತಿರಲಿಲ್ಲ.

(4/10)
21 ವರ್ಷ ಹೀಗೇ ನಡೀತು. ಆಮೇಲೆ ಬಂದದ್ದು ಜೇಮ್ಸ್ ಬ್ಯಾಟ್ಸನ್.

ಕೆಂಟಕಿ ರಾಜ್ಯದ ಲೂಯಿವಿಲ್. ಆರೋಪ ಕಳ್ಳತನ ಮತ್ತು ಕದ್ದ ಮಾಲು ಇಟ್ಟುಕೊಂಡದ್ದು. ಕೊಲೆ ಅಲ್ಲ, ದೊಡ್ಡ ಸುದ್ದಿಯ ಕೇಸೂ ಅಲ್ಲ. ಜ್ಯೂರಿಗೆ ಕರೆದವರಲ್ಲಿ ಉಳಿದಿದ್ದ ನಾಲ್ಕೂ ಜನ ಕಪ್ಪು ವರ್ಣದವರನ್ನ ಸರ್ಕಾರಿ ವಕೀಲರು ಹೊಡೆದು ಹಾಕಿದರು. ಜ್ಯೂರಿ ಪೂರ್ತಿ ಬಿಳಿ. ಬ್ಯಾಟ್ಸನ್ ಪರ ವಕೀಲರು ಅಲ್ಲೇ ಎದ್ದು ಆಕ್ಷೇಪಿಸಿದರು. ಕೆಳಗಿನ ಕೋರ್ಟ್ ಒಪ್ಪಲಿಲ್ಲ. ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು.

1986ರ ಏಪ್ರಿಲ್ 30. 7-2 ತೀರ್ಪು ಬ್ಯಾಟ್ಸನ್ ಕಡೆಗೆ. ಇನ್ನು ಮೇಲೆ ನಿನ್ನ ಒಂದೇ ಕೇಸಿನಲ್ಲಿ ಏನಾಯ್ತು ಅಂತ ತೋರಿಸಿದರೂ ಸಾಕು. ಮೂರು ಹೆಜ್ಜೆ:

ಹೆಜ್ಜೆ 1: ಜನಾಂಗ ನೋಡಿ ತೆಗೆದ ಹಾಗೆ ಕಾಣ್ತಿದೆ ಅಂತ ಆರೋಪಿಯ ವಕೀಲ ಹೇಳಬೇಕು.
ಹೆಜ್ಜೆ 2: ಸರ್ಕಾರಿ ವಕೀಲ ಜನಾಂಗಕ್ಕೆ ಸಂಬಂಧ ಇಲ್ಲದ ಒಂದು ಕಾರಣ ಕೊಡಬೇಕು.
ಹೆಜ್ಜೆ 3: ಆ ಕಾರಣ ನಿಜವೋ ನೆಪವೋ ಅಂತ ಜಡ್ಜ್ ತೀರ್ಮಾನಿಸಬೇಕು.

ಕೋರ್ಟ್ ಹೇಳಿದ ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸಿತು. ಇಲ್ಲಿ ಅನ್ಯಾಯ ಆಗೋದು ಆರೋಪಿಗೆ ಮಾತ್ರ ಅಲ್ಲ. ಕೆಲಸಕ್ಕೆ ರಜೆ ಹಾಕಿ, ಬಸ್ ಹಿಡಿದು ಕೋರ್ಟಿಗೆ ಬಂದು, ಎಲ್ಲ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಟ್ಟು, ಕೊನೆಗೆ "ನೀವು ಹೋಗಬಹುದು" ಅನ್ನಿಸಿಕೊಂಡ ಆ ನಾಲ್ಕು ಜನಕ್ಕೂ ಆಗುತ್ತೆ. ಓಟು ಹಾಕೋದು ಬಿಟ್ರೆ ಸಾಮಾನ್ಯ ಮನುಷ್ಯನಿಗೆ ಸರ್ಕಾರದ ಅಧಿಕಾರ ಸ್ವಲ್ಪ ಹೊತ್ತಾದ್ರೂ ಕೈಗೆ ಸಿಗೋ ಜಾಗ ಜ್ಯೂರಿ. ಅದನ್ನ ಬಣ್ಣ ನೋಡಿ ಕಿತ್ಕೊಂಡ್ರೆ ಆ ಮನುಷ್ಯ ಅರ್ಧ ನಾಗರಿಕ ಆಗ್ತಾನೆ.

ಆ ಪೀಠದಲ್ಲಿ ಥರ್ಗುಡ್ ಮಾರ್ಷಲ್ ಇದ್ದರು. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ತೀರ್ಪಿಗೆ ಅವರ ಒಪ್ಪಿಗೆ ಇತ್ತು, ಆದ್ರೆ ಬೇರೆಯಾಗಿ ಒಂದು ಅಭಿಪ್ರಾಯ ಬರೆದರು. ಅದರ ಸಾರಾಂಶ: ಇದು ಸಾಲದು. ಕಾರಣ ಕಟ್ಟೋದು ಯಾವ ವಕೀಲನಿಗೂ ಕಷ್ಟ ಅಲ್ಲ, ಪೆರೆಂಪ್ಟರಿ ಅನ್ನೋದನ್ನೇ ತೆಗೆದು ಹಾಕಿದ್ರೆ ಮಾತ್ರ ಈ ರೋಗ ವಾಸಿಯಾಗುತ್ತೆ.

ಯಾರೂ ಅವರ ಮಾತು ಕೇಳಲಿಲ್ಲ. ಮುಂದೆ ಏನಾಯ್ತು ನೋಡಿ.

(5/10)
ಕಾರಣ ಕಟ್ಟೋದು ಕಷ್ಟ ಅಲ್ಲ ಅಂದಿದ್ರಲ್ಲ ಮಾರ್ಷಲ್, ಅದು ಎಷ್ಟು ಸುಲಭ ಅನ್ನೋದಕ್ಕೆ ಎರಡು ಉದಾಹರಣೆ.

ಒಂದು: 1987ರಲ್ಲಿ, ಬ್ಯಾಟ್ಸನ್ ತೀರ್ಪು ಬಂದ ಮರುವರ್ಷವೇ, ಫಿಲಡೆಲ್ಫಿಯಾದ ಒಬ್ಬ ಸರ್ಕಾರಿ ವಕೀಲ ಹೊಸಬರಿಗೆ ಟ್ರೈನಿಂಗ್ ವಿಡಿಯೋ ಮಾಡಿದ. ಬಡ ಏರಿಯಾಗಳಿಂದ ಬರೋ ಕಪ್ಪು ಜನರನ್ನ ಜ್ಯೂರಿಗೆ ತಗೋಬೇಡಿ, ತುಂಬಾ ಬುದ್ಧಿವಂತರೂ ಬೇಡ ಅನ್ನೋ ಥರದ ಪಾಠ ಅದು. ನಮಗೆ ಬೇಕಾಗಿರೋದು ನಿಷ್ಪಕ್ಷಪಾತ ಜ್ಯೂರಿ ಅಲ್ಲ, ಶಿಕ್ಷೆ ಕೊಡೋ ಜ್ಯೂರಿ ಅನ್ನೋದೇ ಒಟ್ಟು ತಿರುಳು. ಆ ವಿಡಿಯೋ ಸಾರ್ವಜನಿಕರ ಕಣ್ಣಿಗೆ ಬಿದ್ದಿದ್ದು 1997ರಲ್ಲಿ. ಹತ್ತು ವರ್ಷ ಆದಮೇಲೆ.

ಎರಡು: 1995ರ ಪರ್ಕೆಟ್ ಕೇಸ್. ಮಿಸೌರಿಯ ಒಬ್ಬ ಸರ್ಕಾರಿ ವಕೀಲ ಕಪ್ಪು ವ್ಯಕ್ತಿಯನ್ನ ತೆಗೆದ. ಯಾಕೆ ಅಂದ್ರೆ, ಅವನ ಕೂದಲು ಉದ್ದ ಇದೆ, ಮೀಸೆ ಗಡ್ಡ ಇದೆ, ನೋಡೋಕೆ ಸರಿಯಿಲ್ಲ! ಸುಪ್ರೀಂ ಕೋರ್ಟ್ ಏನಂತು ಗೊತ್ತಾ? ಎರಡನೇ ಹೆಜ್ಜೆಯಲ್ಲಿ ಕೊಡೋ ಕಾರಣ ಮನವರಿಕೆ ಆಗೋ ಹಾಗೇ ಇರಬೇಕು ಅಂತಿಲ್ಲ, ಜನಾಂಗದ ಹೆಸರು ಅದರಲ್ಲಿ ಬರದಿದ್ರೆ ಆಯ್ತು. ನಂಬೋದು ಬಿಡೋದು ಮೂರನೇ ಹೆಜ್ಜೆಯಲ್ಲಿ ಜಡ್ಜ್‌ಗೆ ಬಿಟ್ಟಿದ್ದು.

ಕಾಗದದ ಮೇಲೆ ಇದು ಸರಿ ಅನ್ನಿಸಬಹುದು. ಆದ್ರೆ ಮೂರನೇ ಹೆಜ್ಜೆಯಲ್ಲಿ ಜಡ್ಜ್ ಏನು ಮಾಡಬೇಕು? ದಿನಾ ತನ್ನ ಕೋರ್ಟಿನಲ್ಲೇ ವಾದ ಮಾಡೋ ಸರ್ಕಾರಿ ವಕೀಲನಿಗೆ, ಮುಖದ ಮೇಲೆ, ನೀನು ಸುಳ್ಳು ಹೇಳ್ತಿದ್ದೀಯ, ನೀನು ಜನಾಂಗ ದ್ವೇಷಿ ಅನ್ನಬೇಕು. ಎಷ್ಟು ಜಡ್ಜ್‌ಗಳಿಗೆ ಅಷ್ಟು ಧೈರ್ಯ ಬರುತ್ತೆ? ಹೀಗಾಗಿ "ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ", "ಬೇಜಾರಾದವರ ಥರ ಕೂತಿದ್ರು" ಅನ್ನೋ ಕಾರಣಗಳೂ ದಾಟಿ ಹೋದವು. ಇಂಥವನ್ನ ಆಮೇಲೆ ಯಾರು ಪರೀಕ್ಷೆ ಮಾಡ್ತಾರೆ? ಅವತ್ತು ಆ ವ್ಯಕ್ತಿ ಹೇಗೆ ಕೂತಿದ್ದ ಅನ್ನೋದಕ್ಕೆ ದಾಖಲೆನೇ ಇರಲ್ಲ.

(6/10)
ಈಗ ಮತ್ತೆ ರೋಮ್ ಊರಿನ ಹಸಿರು ಪಟ್ಟಿಗೆ ಬರೋಣ. ಕಾಮರ್ಸ್‌ನವರಿಗೆ ಈ ಭಾಗ ಇಷ್ಟ ಆಗುತ್ತೆ, ಯಾಕಂದ್ರೆ ಇದು ಪಕ್ಕಾ ವೌಚಿಂಗ್.

ಆಡಿಟಿಂಗ್ ಪೇಪರ್‌ನಲ್ಲಿ ನಾವು ಓದಿದ್ದೇನು? ಪುಸ್ತಕದಲ್ಲಿ ಬರೆದಿದ್ದನ್ನ ಹಾಗೇ ನಂಬಬೇಡ, ಎಂಟ್ರಿ ಹಿಂದಿನ ವೌಚರ್ ತೆಗೆದು ನೋಡು. ಫಾಸ್ಟರ್ ಕೇಸಿನಲ್ಲಿ ಎಂಟ್ರಿ ಅಂದ್ರೆ ಸರ್ಕಾರಿ ವಕೀಲರು 1987ರಲ್ಲಿ ಕೊಟ್ಟ ಕಾರಣಗಳು. ವೌಚರ್ ಅಂದ್ರೆ 2006ರಲ್ಲಿ ಸಿಕ್ಕ ಅವರದೇ ಫೈಲು.

ಎಂಟ್ರಿ: ಒಬ್ಬ ಕಪ್ಪು ಮಹಿಳೆಯನ್ನ ತೆಗೆದಿದ್ದು ಯಾಕೆಂದರೆ ಆಕೆಗೆ 34 ವರ್ಷ, ಆರೋಪಿಯ ವಯಸ್ಸಿಗೆ ಹತ್ತಿರ. ಡಿವೋರ್ಸ್ ಬೇರೆ ಆಗಿದೆ.
ವೌಚರ್: 36ಕ್ಕಿಂತ ಚಿಕ್ಕ ವಯಸ್ಸಿನ ಎಂಟು ಬಿಳಿಯರನ್ನ ಬೇಡ ಅಂದಿಲ್ಲ. ಜ್ಯೂರಿಯಲ್ಲಿ ಕೂತ ಒಬ್ಬರಿಗೆ ಬರೀ 21. ಡಿವೋರ್ಸ್ ಆದ ಬಿಳಿಯರಲ್ಲೂ ಹೆಚ್ಚಿನವರು ಓಕೆ.

ಎಂಟ್ರಿ: ಒಬ್ಬ ಕಪ್ಪು ಗಂಡಸನ್ನ ತೆಗೆದಿದ್ದಕ್ಕೆ, ಅವರ ಮಗನಿಗೂ ಹಿಂದೆ ಇಂಥದ್ದೇ ಅಪರಾಧಕ್ಕೆ ಶಿಕ್ಷೆ ಆಗಿತ್ತು.
ವೌಚರ್: ಮಗ ಕದ್ದಿದ್ದು ಮಾಲ್ ಪಾರ್ಕಿಂಗ್‌ನಲ್ಲಿ ಕಾರಿನ ಚಕ್ರದ ಕ್ಯಾಪ್. ಫಾಸ್ಟರ್ ಮೇಲಿದ್ದದ್ದು ವಯಸ್ಸಾದ ಶಿಕ್ಷಕಿಯೊಬ್ಬರ ಕೊಲೆ ಆರೋಪ.

ಎಂಟ್ರಿ: ಅದೇ ಗಂಡಸು ಹೋಗೋ ಚರ್ಚ್ ಮರಣದಂಡನೆಯನ್ನ ವಿರೋಧಿಸುತ್ತೆ.
ವೌಚರ್: ಆ ಚರ್ಚ್ ಈ ವಿಷಯವನ್ನ ಒಬ್ಬೊಬ್ಬರ ಮನಸ್ಸಿಗೆ ಬಿಟ್ಟಿದೆ ಅಂತ ಸರ್ಕಾರಿ ವಕೀಲರ ಫೈಲಿನಲ್ಲೇ ಟಿಪ್ಪಣಿ. ಅದರ ಜೊತೆಗೆ, ಕಪ್ಪು ಚರ್ಚ್ ಬೇಡ ಅನ್ನೋ ಅರ್ಥದ ಕೈಬರಹ.

ಖಂಡಿತ ಬೇಡ ಅನ್ನೋ ತಲೆಬರಹದ ಇನ್ನೊಂದು ಹಾಳೆಯೂ ಸಿಕ್ತು. ಅದರಲ್ಲಿ ಆರು ಹೆಸರು. ಮೊದಲ ಐದು, ಅರ್ಹರಾಗಿ ಉಳಿದಿದ್ದ ಐದೂ ಕಪ್ಪು ಜನರದ್ದು.

2016ರ ಮೇ 23ರಂದು ಸುಪ್ರೀಂ ಕೋರ್ಟ್ 7-1ರಿಂದ ಫಾಸ್ಟರ್ ಪರ ತೀರ್ಪು ಕೊಟ್ಟಿತು.

ಒಂದು ಮಾತು. ಫಾಸ್ಟರ್ ತಪ್ಪೊಪ್ಪಿಗೆ ಕೊಟ್ಟಿದ್ದ. ಸತ್ತ ಆ ಶಿಕ್ಷಕಿಗೂ ಮನೆಯವರಿದ್ದರು. "ಕೊಲೆ ಮಾಡಿದವನಿಗೆ ಜ್ಯೂರಿ ಬಣ್ಣ ಯಾಕೆ ಬೇಕು?" ಅಂತ ಕಮೆಂಟ್ ಬರುತ್ತೆ ಅಂತ ಗೊತ್ತು. ನನ್ನ ಉತ್ತರ: ಬದುಕಬೇಕೋ ಸಾಯಬೇಕೋ ಅನ್ನೋದನ್ನ ತೀರ್ಮಾನಿಸಿದ್ದೂ ಅದೇ ಜ್ಯೂರಿ. ಮತ್ತೆ ಹಸಿರು ಬಳಿದಿದ್ದು ಫಾಸ್ಟರ್ ಹೆಸರಿಗಲ್ಲ, ಯಾವ ತಪ್ಪೂ ಮಾಡದವರ ಹೆಸರಿಗೆ.

(7/10)
ಇಲ್ಲಿವರೆಗೆ ಬಣ್ಣದ ಮಾತಾಯ್ತು. ಧರ್ಮ?

ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ 1963ರ ಹೊತ್ತಿಗೆ ಸರ್ಕಾರಿ ವಕೀಲರ ಕಚೇರಿಯಲ್ಲಿ ಒಂದು ಸೂಚನೆ ಓಡಾಡ್ತಿತ್ತು: ಯಹೂದಿಗಳು, ಕಪ್ಪು ಜನ, ಇಟಲಿ ಮೂಲದವರು, ಮೆಕ್ಸಿಕನ್ನರು, ಯಾವ ಅಲ್ಪಸಂಖ್ಯಾತರೂ ಜ್ಯೂರಿಗೆ ಬೇಡ, ಎಷ್ಟೇ ದುಡ್ಡಿರಲಿ, ಎಷ್ಟೇ ಓದಿರಲಿ. ಅದೇ ಡಲ್ಲಾಸ್‌ನ ಮಿಲ್ಲರ್-ಎಲ್ ಕೇಸಿನಲ್ಲಿ (ವಿಚಾರಣೆ 1986, ಅಂತಿಮ ತೀರ್ಪು 2005) ಅರ್ಹರಾದ 11 ಕಪ್ಪು ಜನರಲ್ಲಿ 10 ಜನರನ್ನ ಪೆರೆಂಪ್ಟರಿಯಿಂದ ತೆಗೆದಿದ್ದರು. ತೆಗೆದವರನ್ನೂ ಉಳಿಸಿಕೊಂಡವರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡೋ ವಿಧಾನ ಗಟ್ಟಿಯಾಗಿದ್ದು ಈ ಕೇಸಿನಿಂದ.

ಮಿನ್ನೆಸೋಟಾ ರಾಜ್ಯದಲ್ಲಿ ಇನ್ನೊಂದು. ಕಪ್ಪು ವ್ಯಕ್ತಿಯೊಬ್ಬನನ್ನ ತೆಗೆದಾಗ ಸರ್ಕಾರಿ ವಕೀಲೆ ಕೊಟ್ಟ ಕಾರಣ, ಅವನು ಜೆಹೋವಾಸ್ ವಿಟ್ನೆಸ್ ಪಂಥದವನು, ಆ ಪಂಥದವರು ಇನ್ನೊಬ್ಬ ಮನುಷ್ಯನ ಮೇಲೆ ತೀರ್ಪು ಹೇಳೋಕೆ ಹಿಂಜರೀತಾರೆ. ಬ್ಯಾಟ್ಸನ್ ನಿಯಮ ಧರ್ಮಕ್ಕೆ ಅನ್ವಯಿಸಲ್ಲ ಅಂತ 1993ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕೇಸನ್ನ ಕೈಗೆತ್ತಿಕೊಳ್ಳಲೇ ಇಲ್ಲ. ಅದೇ ವರ್ಷ ಗಂಡು-ಹೆಣ್ಣು ಅಂತ ನೋಡಿ ತೆಗೆಯೋದೂ ತಪ್ಪು ಅಂತ ಅದೇ ಕೋರ್ಟ್ ಹೇಳಿತ್ತು. ಧರ್ಮದ ಪ್ರಶ್ನೆ ಮಾತ್ರ ಹಾಗೇ ಉಳೀತು.

ಇಲ್ಲಿ ಒಂದು ಗಂಟಿದೆ. "ನಾನು ಯಾರಿಗೂ ಶಿಕ್ಷೆ ಕೊಡಲ್ಲ, ನನ್ನ ನಂಬಿಕೆ" ಅಂತ ಒಬ್ಬರು ತಾವೇ ಹೇಳಿದ್ರೆ ಅವರನ್ನ ತೆಗೆಯೋದು ನ್ಯಾಯವೇ. ಅದಕ್ಕೆ ಕಾರಣ ಕೊಟ್ಟೇ ತೆಗೀಬಹುದು. ಆದ್ರೆ ಕೇಳದೇನೇ "ನೀನು ಇಂಥ ಧರ್ಮದವನು, ಆದ್ದರಿಂದ ನೀನು ಹೀಗೇ ಯೋಚಿಸ್ತೀಯ" ಅನ್ನೋದು? ವ್ಯಕ್ತಿಯ ಮಾತಿಗೂ ಅವನ ಗುಂಪಿನ ಹೆಸರಿಗೂ ಇರೋ ವ್ಯತ್ಯಾಸ ಇದು.

ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಆಗಿದ್ದು ಈ ಎರಡನೇದು. 1990ರ ದಶಕದ ಒಂದು ಮರಣದಂಡನೆ ಕೇಸಿನ ಫೈಲಿನಲ್ಲಿ, ಯಾರು ಯಹೂದಿ, ಯಾರು ಕಪ್ಪು ಮಹಿಳೆ ಅಂತ ಗುರುತು ಹಾಕಿದ ಸರ್ಕಾರಿ ವಕೀಲರ ಕೈಬರಹದ ಟಿಪ್ಪಣಿಗಳು ಸಿಕ್ಕವು. ವಿಷಯ ಬಯಲಾಗಿದ್ದು 2024ರಲ್ಲಿ. ಒಬ್ಬ ಫೆಡರಲ್ ಜಡ್ಜ್ ಸೂಚನೆ ಮೇಲೆ ಆ ಕೌಂಟಿಯ 35 ಮರಣದಂಡನೆ ಕೇಸುಗಳ ಮರುಪರಿಶೀಲನೆ ಶುರುವಾಯ್ತು.

ಮತ್ತೆ ಅದೇ: ಫೈಲು, ಕೈಬರಹ, ಸುಮಾರು 30 ವರ್ಷ ತಡ.

(8/10)
ಕೈಬರಹ ಸಿಗದಿದ್ರೆ? ಆಗ ಉಳಿಯೋದು ಲೆಕ್ಕ.

ಮಿಸಿಸಿಪ್ಪಿ ರಾಜ್ಯದ ವಿನೋನಾ ಅನ್ನೋ ಸಣ್ಣ ಊರು. 1996ರಲ್ಲಿ ಒಂದು ಫರ್ನಿಚರ್ ಅಂಗಡಿಯಲ್ಲಿ ನಾಲ್ಕು ಜನರ ಕೊಲೆ ಆಯ್ತು. ಆ ಅಂಗಡಿಯಲ್ಲಿ ಮೊದಲು ಕೆಲಸಕ್ಕಿದ್ದ ಕರ್ಟಿಸ್ ಫ್ಲವರ್ಸ್ ಅನ್ನೋ ಕಪ್ಪು ವ್ಯಕ್ತಿಯನ್ನ ಹಿಡಿದರು. ತಾನು ಮಾಡಿಲ್ಲ ಅಂತ ಮೊದಲಿನಿಂದ ಕೊನೆವರೆಗೂ ಹೇಳಿದ.

ಒಂದೇ ಆರೋಪಕ್ಕೆ ಅವನನ್ನ ಆರು ಸಲ ವಿಚಾರಣೆ ಮಾಡಿದರು. ಹೌದು, ಆರು. ಆರು ಸಲವೂ ಅದೇ ಸರ್ಕಾರಿ ವಕೀಲ. ಮೊದಲ ಮೂರು ಸಲ ಶಿಕ್ಷೆ ಆಯ್ತು, ರಾಜ್ಯದ ಸುಪ್ರೀಂ ಕೋರ್ಟ್ ಮೂರನ್ನೂ ರದ್ದು ಮಾಡಿತು. ನಾಲ್ಕು, ಐದನೇ ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2010ರಲ್ಲಿ ಆರನೇ ಸಲ ಮತ್ತೆ ಮರಣದಂಡನೆ.

ಲೆಕ್ಕ ನೋಡಿ.

ಆರು ವಿಚಾರಣೆ ಸೇರಿಸಿದ್ರೆ ಸರ್ಕಾರಿ ಕಡೆಯವರು ತೆಗೆಯಬಹುದಾಗಿದ್ದ ಕಪ್ಪು ಜನ: 42.
ತೆಗೆದಿದ್ದು: 41.

ಆರನೇ ವಿಚಾರಣೆಯಲ್ಲಿ ತೆಗೆದುಹಾಕಿದ ಐದು ಕಪ್ಪು ಜನಕ್ಕೆ ಕೇಳಿದ ಪ್ರಶ್ನೆ: 145.
ಜ್ಯೂರಿಯಲ್ಲಿ ಕೂತ 11 ಬಿಳಿಯರಿಗೆ ಕೇಳಿದ ಪ್ರಶ್ನೆ: ಒಟ್ಟು 12.

ತಲೆಗೆ ಎಷ್ಟು ಅಂತ ಭಾಗಿಸಿ: ಒಂದು ಕಡೆ 29, ಇನ್ನೊಂದು ಕಡೆ ಒಂದು ಚಿಲ್ಲರೆ. ಯಾಕೆ ಅಷ್ಟೊಂದು ಪ್ರಶ್ನೆ? ಕೇಳ್ತಾ ಹೋದ್ರೆ ಎಲ್ಲಾದ್ರೂ ಒಂದು ಉತ್ತರ ಎಡವುತ್ತೆ, ಆ ಎಡವಿದ್ದನ್ನೇ ಕಾರಣ ಅಂತ ಬರೆದುಕೊಳ್ಳಬಹುದು. ಬಿಳಿಯರನ್ನ ಕೇಳೋದೇ ಇಲ್ಲ, ಹಾಗಾಗಿ ಅವರಲ್ಲಿ ಕಾರಣ ಸಿಗೋದೂ ಇಲ್ಲ.

2019ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರಿಂದ ಆರನೇ ತೀರ್ಪನ್ನ ರದ್ದು ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಆರೋಪಗಳನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಫ್ಲವರ್ಸ್ ಜೈಲಿನಲ್ಲಿ ಕಳೆದಿದ್ದು ಹತ್ತಿರ ಹತ್ತಿರ 23 ವರ್ಷ. ನನಗಾಗಲೀ ನಿಮಗಾಗಲೀ ಇನ್ನೂ ಅಷ್ಟು ವಯಸ್ಸೇ ಆಗಿಲ್ಲ.

(9/10)
"ಇದೆಲ್ಲ ಅಮೆರಿಕದ್ದು, ನಮಗೇನು?" ಅನ್ನೋರಿಗೆ ಈ ಭಾಗ.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. "ರುಸ್ತುಂ" ಸಿನಿಮಾ ನೋಡಿದವರಿಗೆ ನಾನಾವತಿ ಕೇಸ್ ಗೊತ್ತು: 1959ರಲ್ಲಿ ಬಾಂಬೆಯ ಜ್ಯೂರಿ 8-1ರಿಂದ ತಪ್ಪಿತಸ್ಥ ಅಲ್ಲ ಅಂತು, ಹೈಕೋರ್ಟ್ ಅದನ್ನ ಒಪ್ಪಲಿಲ್ಲ. ಅದೇ ಕೊನೆಯ ಜ್ಯೂರಿ ಅಂತ ತುಂಬಾ ಕಡೆ ಬರೀತಾರೆ, ಅದು ಸರಿಯಲ್ಲ. ಜ್ಯೂರಿ ಪೂರ್ತಿ ಹೋಗಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ.

ಆದ್ರೆ ನಮ್ಮ ಜ್ಯೂರಿಯ ಶುರುವಾತೇ ಧರ್ಮದ ಗೆರೆಯಿಂದ. 1826ರಲ್ಲಿ ಬ್ರಿಟಿಷ್ ಸಂಸತ್ತು ಇಲ್ಲಿಗೆ ಒಂದು ಜ್ಯೂರಿ ಕಾಯ್ದೆ ಮಾಡಿತು. ಹಿಂದೂ ಮುಸ್ಲಿಮರು ಜ್ಯೂರಿಯಲ್ಲಿ ಕೂರಬಹುದು, ಆದ್ರೆ ಕ್ರೈಸ್ತ ಆರೋಪಿಯ ವಿಚಾರಣೆಗೆ ಕ್ರೈಸ್ತರೇ ಇರಬೇಕು. ಹಿಂದೂ ಅಥವಾ ಮುಸ್ಲಿಂ ಆರೋಪಿಯ ಮೇಲೆ ಕ್ರೈಸ್ತರು ತೀರ್ಪು ಹೇಳಬಹುದು. ಕೇಸು ವಿಚಾರಣೆಗೆ ಹೋಗಬೇಕೋ ಬೇಡವೋ ಅಂತ ನಿರ್ಧರಿಸೋ ಗ್ರ್ಯಾಂಡ್ ಜ್ಯೂರಿಯಲ್ಲಂತೂ ಹಿಂದೂ ಮುಸ್ಲಿಮರಿಗೆ ಜಾಗವೇ ಇಲ್ಲ. ರಾಜಾ ರಾಮಮೋಹನ ರಾಯರು ಇದನ್ನ ಬಲವಾಗಿ ವಿರೋಧಿಸಿದರು. ಹಿಂದೂಗಳೂ ಮುಸ್ಲಿಮರೂ ಸೇರಿ ಸಹಿ ಹಾಕಿದ ಅರ್ಜಿ ಇಂಗ್ಲೆಂಡಿಗೆ ಹೋಯ್ತು. 1832ರಲ್ಲಿ ಕಾಯ್ದೆ ಬದಲಾಯ್ತು.

ಧರ್ಮದ ಗೆರೆ ಅಳಿಸಿದ್ರೂ ಜನಾಂಗದ ಗೆರೆ ಉಳೀತು. ಇಲ್ಬರ್ಟ್ ಬಿಲ್ ಗಲಾಟೆ ನೆನಪಿದೆಯಾ, ಪಿಯುಸಿಯಲ್ಲಿ ಎರಡು ಅಂಕಕ್ಕೆ ಓದಿದ್ದು? 1884ರಲ್ಲಿ ಅದು ಮುಗಿದಿದ್ದು ಒಂದು ರಾಜಿಯಲ್ಲಿ: ಯುರೋಪಿಯನ್ ಆರೋಪಿ, ಕನಿಷ್ಠ ಅರ್ಧದಷ್ಟು ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರೋ ಜ್ಯೂರಿ ಕೇಳಬಹುದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಪೆರೆಂಪ್ಟರಿಯೂ ಇತ್ತು: ಹೈಕೋರ್ಟ್ ವಿಚಾರಣೆಯಲ್ಲಿ ಸರ್ಕಾರಕ್ಕೆ ಎಂಟು, ಆರೋಪಿಗೆ ಎಂಟು.

1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ. ಆರೋಪ ಇದ್ದದ್ದು ಕೇಸರಿಯಲ್ಲಿ ಬಂದ ಮರಾಠಿ ಲೇಖನಗಳ ಮೇಲೆ. ಸ್ಪೆಷಲ್ ಜ್ಯೂರಿಯಲ್ಲಿ ಕೂತವರು ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಮರಾಠಿ ಲೇಖನವನ್ನ ಅನುವಾದದಲ್ಲಿ ಓದಿ ತೀರ್ಪು. 7-2, ತಪ್ಪಿತಸ್ಥ. ಆರು ವರ್ಷ ಮಂಡಾಲೆ.

ತಿಲಕರ ಮೇಲೆ ತೀರ್ಪು ಹೇಳೋಕೆ ಮರಾಠಿ ಓದೋರೇ ಬೇಕಿರಲಿಲ್ಲ! ಯಾರು ಕೂರ್ತಾರೆ ಅನ್ನೋದರಲ್ಲೇ ಅರ್ಧ ತೀರ್ಪು ಬರೆದಾಗಿತ್ತು.

(10/10)
ಕೊನೆಯದಾಗಿ, ಯಾರು ಏನು ಮಾಡಿದ್ರು?

ಇಂಗ್ಲೆಂಡ್: ಈ ಹಕ್ಕು ಹುಟ್ಟಿದ ಮನೆ. 35 ಇದ್ದದ್ದು ಶತಮಾನಗಳಲ್ಲಿ ಇಳೀತಾ ಇಳೀತಾ ಮೂರಕ್ಕೆ ಬಂದು, 1988ರ ಕಾಯ್ದೆಯಲ್ಲಿ ಪೂರ್ತಿ ಹೋಯ್ತು.

ಕೆನಡಾ: 2016ರಲ್ಲಿ ಕೋಲ್ಟನ್ ಬೂಶಿ ಅನ್ನೋ 22 ವರ್ಷದ ಕ್ರೀ ಬುಡಕಟ್ಟಿನ ಯುವಕ ಒಬ್ಬ ರೈತನ ಜಮೀನಿನಲ್ಲಿ ಗುಂಡಿಗೆ ಸತ್ತ. ವಿಚಾರಣೆಯಲ್ಲಿ ಮೂಲನಿವಾಸಿಗಳಂತೆ ಕಂಡವರನ್ನ ಆರೋಪಿ ಕಡೆಯವರು ಪೆರೆಂಪ್ಟರಿಯಿಂದ ತೆಗೆದರು ಅಂತ ದೊಡ್ಡ ಗಲಾಟೆ ಆಯ್ತು. 2018ರಲ್ಲಿ ರೈತ ಖುಲಾಸೆ. 2019ರಲ್ಲಿ ಕೆನಡಾ ಪೆರೆಂಪ್ಟರಿಯನ್ನೇ ತೆಗೆದು ಹಾಕಿತು. ಗಮನಿಸಿ, ಇಲ್ಲಿ ಬಳಸಿದ್ದು ಸರ್ಕಾರ ಅಲ್ಲ, ಆರೋಪಿ. ಗುರಾಣಿ ಅಂತ ಕೊಟ್ಟಿದ್ದು ಯಾರ ಕೈಯಲ್ಲಾದ್ರೂ ಕತ್ತಿ ಆಗಬಹುದು.

ವಾಷಿಂಗ್ಟನ್ ರಾಜ್ಯ: ಉಳಿಸಿಕೊಂಡು ರಿಪೇರಿ ಮಾಡಿತು. 2018ರ ನಿಯಮದ ಪ್ರಕಾರ ವಕೀಲನ ಮನಸ್ಸಿನಲ್ಲಿ ದ್ವೇಷ ಇತ್ತು ಅಂತ ಸಾಬೀತು ಮಾಡಬೇಕಿಲ್ಲ. ಪೊಲೀಸರ ಮೇಲೆ ನಂಬಿಕೆ ಇಲ್ಲ, ಅಪರಾಧ ಹೆಚ್ಚಿರೋ ಏರಿಯಾದಲ್ಲಿ ಮನೆ, ಇಂಗ್ಲಿಷ್ ಮಾತೃಭಾಷೆ ಅಲ್ಲ, ಇಂಥ ಕಾರಣಗಳನ್ನ ಅನುಮಾನದಿಂದಲೇ ನೋಡಬೇಕು. ಕ್ಯಾಲಿಫೋರ್ನಿಯಾ ಇದೇ ದಾರಿ ಹಿಡಿದು ಧರ್ಮವನ್ನೂ ಸೇರಿಸಿತು.

ಅರಿಜೋನಾ: 2022ರ ಜನವರಿ 1ರಿಂದ ಪೆರೆಂಪ್ಟರಿಯೇ ಇಲ್ಲ. 1986ರಲ್ಲಿ ಮಾರ್ಷಲ್ ಕೇಳಿದ್ದು ಇದನ್ನೇ.

ಎದುರು ವಾದವೂ ಇದೆ, ಅದನ್ನ ತಳ್ಳಿಹಾಕೋ ಹಾಗಿಲ್ಲ. ಬಡವರ ಪರ ವಾದ ಮಾಡೋ ಎಷ್ಟೋ ವಕೀಲರು ಹೇಳ್ತಾರೆ: ಜನಾಂಗ ದ್ವೇಷ ಇರೋ ಜ್ಯೂರರ್ ಯಾವತ್ತಾದ್ರೂ "ನನಗೆ ದ್ವೇಷ ಇದೆ" ಅಂತಾನಾ? ಅವನ ನೋಟದಲ್ಲಿ ಗೊತ್ತಾಗುತ್ತೆ, ಆದ್ರೆ ಕಾರಣ ಅಂತ ತೋರಿಸೋಕಾಗಲ್ಲ. ಅಂಥವನನ್ನ ಹೊರಗೆ ಕಳಿಸೋಕೆ ನಮ್ಮ ಕೈಲಿರೋದು ಇದೊಂದೇ. ಕೆನಡಾದಲ್ಲೂ ಈ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2020ರಲ್ಲಿ ಕೋರ್ಟ್ ರದ್ದತಿಯನ್ನೇ ಎತ್ತಿಹಿಡಿಯಿತು.

ಎರಡೂ ಓದಿದ ಮೇಲೆ ನನ್ನ ನಿಲುವು ಹೇಳ್ತೀನಿ. ಆ ಭಯ ನಿಜ. ಆದ್ರೆ ಅದಕ್ಕೆ ಉತ್ತರ ಜಾಸ್ತಿ ಪ್ರಶ್ನೆ ಕೇಳಿ, ಕಾರಣ ಹೇಳಿ, ಜಡ್ಜ್ ಮುಂದೆ ವಾದ ಮಾಡಿ ತೆಗೆಯೋದು. ಕಾರಣ ಹೇಳಬೇಕಿಲ್ಲ ಅನ್ನೋ ಅಧಿಕಾರ ಇದ್ದಲ್ಲಿ ಮನಸ್ಸಿನಲ್ಲಿರೋ ಹಳೇ ಲೆಕ್ಕವೇ ಕೆಲಸ ಮಾಡುತ್ತೆ. ಆಮೇಲೆ ಕಾರಣ ಕೇಳಿದ್ರೆ ಸಿಗೋದು ಪುಸ್ತಕಕ್ಕೆ ತಕ್ಕ ಹಾಗೆ ಬರೆದ ವೌಚರ್.

ಇದು ಕೋರ್ಟಿಗೆ ಮಾತ್ರ ಅಲ್ಲ. ಬಾಡಿಗೆ ಮನೆ ಕೇಳೋಕೆ ಹೋದಾಗ ಹೆಸರು ಕೇಳಿದ ತಕ್ಷಣ "ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ವಿ" ಅನ್ನೋದು ಗೊತ್ತಲ್ಲ? ಕೆಲಸದ ಇಂಟರ್‌ವ್ಯೂ ಆದಮೇಲೆ ಕಾರಣ ಹೇಳದೆ ಬಾರದೇ ಉಳಿಯೋ ಕರೆ? ಅಲ್ಲೂ ಯಾವುದೋ ಹೆಸರಿನ ಮೇಲೆ ಯಾರೋ ಹಸಿರು ಎಳೆದಿರಬಹುದು. ವ್ಯತ್ಯಾಸ ಏನಂದ್ರೆ, ಆ ಪಟ್ಟಿಗಳನ್ನ ಯಾವ ಆರ್‌ಟಿಐ ಹಾಕಿದ್ರೂ ನಮಗೆ ತೋರಿಸಲ್ಲ.

ಪೆರೆಂಪ್ಟರಿ ಉಳಿಬೇಕಾ, ಹೋಗ್ಬೇಕಾ? ಕಮೆಂಟ್‌ನಲ್ಲಿ ಬರೀರಿ. ಕಾರಣ ಸಮೇತ.

#ಇತಿಹಾಸ #ಜ್ಯೂರಿ #ಕನ್ನಡದಲ್ಲಿ_ಓದಿ